ಕಪ್ಪು ಸಿಲಿಂಡರು, ಖಾಲಿ ಡ್ರಮ್ಮು

ಗುಜರಿ ಅಂಗಡಿಯಾಗಲಿ, ಲಾರಿ ಬಾಡಿ ಕಟ್ಟುವ ಶೆಡ್ಡಾಗಲಿ, ಗ್ಯಾಸ್ ಕಟಿಂಗಿನ ಸರಂಜಾಮು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ತಳ್ಳುಗಾಡಿಗೆ ಸರಪಳಿಯಿಂದ ಬಿಗಿದ ಎರಡು ಸಿಲಿಂಡರುಗಳು: ಕಪ್ಪು ಬಣ್ಣದ್ದು ಆಮ್ಲಜನಕದ್ದು, ಮರೂನ್ ಬಣ್ಣದ್ದು ಅಸಿಟಿಲಿನ್‌ದು. ಮರೂನ್ ಸಿಲಿಂಡರಿನ ಹತ್ತಿರ ಯಾರಾದರೂ ಬೀಡಿ ಹಚ್ಚಿದರೆ ಮೇಸ್ತ್ರಿ ಗದರುತ್ತಾನೆ. ಅದೇ ಮೇಸ್ತ್ರಿ ಸಂಜೆ ಕಪ್ಪು ಸಿಲಿಂಡರಿನ ಪೈಪು ಹಿಡಿದು ಅಂಗಿಯ ಮೇಲಿನ ಧೂಳು ಹಾರಿಸಿಕೊಳ್ಳುವುದೂ ಉಂಟು. ನನ್ನ ಪ್ರಕಾರ ಈ ಕಸುಬಿನ ದೊಡ್ಡ ತೊಂದರೆ ಇದೇ. ಹೆದರಿಕೆ ಇರಬೇಕಾದ ಕೆಲವು ಜಾಗಗಳಲ್ಲಿ ಹೆದರಿಕೆ ಇಲ್ಲ.

ಆಮ್ಲಜನಕ ತಾನು ಉರಿಯುವುದಿಲ್ಲ, ನಿಜ. ಉರಿಯುವುದನ್ನೆಲ್ಲ ಅದು ಉರಿಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಅದರ ಪಾಲು ಶೇ. 21. ಈ ಪಾಲು ನಾಲ್ಕೈದು ಅಂಶ ಏರಿದರೂ ಸಾಕು, ಬಟ್ಟೆಗೆ ಬಿದ್ದ ಸಣ್ಣ ಕಿಡಿ ನಂದುವ ಬದಲು ಭಗ್ಗೆಂದು ಹಬ್ಬುತ್ತದೆ. ಅಂಗಿಗೆ ಹಾಯಿಸಿಕೊಂಡ ಆಮ್ಲಜನಕ ನೂಲಿನ ಸಂದುಗಳಲ್ಲಿ ಸ್ವಲ್ಪ ಹೊತ್ತು ಉಳಿದುಕೊಳ್ಳುತ್ತದೆ. ಆಗ ಆ ಮನುಷ್ಯ ಬೀಡಿ ಹಚ್ಚಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಸಣ್ಣ ಕೋಣೆಯಲ್ಲಿ ಅಥವಾ ಟ್ಯಾಂಕಿನೊಳಗೆ ಪೈಪು ಸೋರುತ್ತಿದ್ದರೆ ಮೂಗು ಎಚ್ಚರಿಸುವುದಿಲ್ಲ.

ಆಮ್ಲಜನಕದ ಜೋಡಣೆಗಳಿಗೆ ಎಣ್ಣೆ, ಗ್ರೀಸು ತಾಗಿಸಬಾರದೆಂದು ಐಟಿಐಯಲ್ಲಿ ಮೊದಲ ವಾರವೇ ಹೇಳುತ್ತಾರೆ. ಏಕೆಂದು ಹೇಳುವುದು ಕಡಿಮೆ. ತುಂಬಿದ ಸಿಲಿಂಡರಿನಲ್ಲಿ ಒತ್ತಡ ವಾತಾವರಣದ ಸುಮಾರು 150 ಪಟ್ಟು ಇರುತ್ತದೆ. ವಾಲ್ವನ್ನು ಒಮ್ಮೆಲೇ ತಿರುಗಿಸಿದರೆ ಅನಿಲ ರೆಗ್ಯುಲೇಟರಿಗೆ ನುಗ್ಗಿ, ಅಲ್ಲಿದ್ದ ಗಾಳಿಯನ್ನು ಕ್ಷಣಾರ್ಧದಲ್ಲಿ ಅದುಮುತ್ತದೆ. ಅದುಮಿದ ಅನಿಲ ಕಾಯುತ್ತದೆ. ಡೀಸೆಲ್ ಎಂಜಿನ್ ಕಿಡಿಯಿಲ್ಲದೆ ಹೊತ್ತಿಕೊಳ್ಳುವುದು ಈ ತತ್ವದಿಂದಲೇ. ಅಲ್ಲಿ ಒಂದು ತೊಟ್ಟು ಎಣ್ಣೆ ಇದ್ದರೆ ಅದು ಹೊತ್ತಿಕೊಂಡು, ಜೊತೆಗೆ ರೆಗ್ಯುಲೇಟರಿನ ಲೋಹವೂ ಉರಿಯಬಹುದು. ಹಾಗಾಗಿ ರೆಗ್ಯುಲೇಟರಿನ ತಿರುಪು ಸಡಿಲ ಮಾಡಿ, ಗೇಜಿನ ಎದುರು ನಿಲ್ಲದೆ ಪಕ್ಕಕ್ಕೆ ಸರಿದು, ವಾಲ್ವನ್ನು ನಿಧಾನವಾಗಿ ತೆರೆಯಬೇಕು. ಥ್ರೆಡ್ಡು ಬಿಗಿಯಾಗಿದೆಯೆಂದು ಎಣ್ಣೆ ಬಿಡುವವನಿಗೆ ಈ ವಿಜ್ಞಾನ ಗೊತ್ತಿಲ್ಲ, ಅಷ್ಟೆ.

ಇನ್ನು ಅಸಿಟಿಲಿನ್. ಇದಕ್ಕೆ ಉರಿಯಲು ಗಾಳಿ ಬೇಕು, ಸಿಡಿಯಲು ಬೇಡ. ಅಣುವಿನಲ್ಲಿ ಎರಡು ಇಂಗಾಲದ ಪರಮಾಣುಗಳ ನಡುವೆ ಮೂರು ಬಂಧಗಳಿದ್ದು, ಅಲ್ಲಿ ಅಪಾರ ಶಕ್ತಿ ಅಡಗಿದೆ. ಒತ್ತಡ ಹೆಚ್ಚಾದರೆ ಈ ಅನಿಲ ತಾನಾಗಿ ಇಂಗಾಲ ಮತ್ತು ಜಲಜನಕವಾಗಿ ಒಡೆದು ಸ್ಫೋಟಿಸಬಲ್ಲದು. ಕಟಿಂಗ್ ಟಾರ್ಚಿನ ಕಡೆ ಅಸಿಟಿಲಿನ್ ಗೇಜನ್ನು 15 ಪಿಎಸ್ಐ ದಾಟಿಸಬಾರದೆಂಬ ನಿಯಮ ಹುಟ್ಟಿದ್ದು ಇದರಿಂದ. ಗಾಳಿಯೊಡನೆ ಬೆರೆತರೂ ಅದರ ಸ್ವಭಾವ ವಿಚಿತ್ರ. ಅಡುಗೆ ಅನಿಲ ಗಾಳಿಯಲ್ಲಿ ಸುಮಾರು ಶೇ. 2ರಿಂದ 10ರಷ್ಟಿದ್ದಾಗ ಮಾತ್ರ ಹೊತ್ತಿಕೊಂಡರೆ, ಅಸಿಟಿಲಿನ್ ಶೇ. 2.5ರಿಂದ 80ರವರೆಗೂ ಹೊತ್ತಿಕೊಳ್ಳುತ್ತದೆ.

ಹಾಗಾದರೆ ಇಷ್ಟು ಮುಂಗೋಪಿಯನ್ನು ಸಿಲಿಂಡರಿಗೆ ತುಂಬಿದ್ದು ಹೇಗೆ? 1892ರಲ್ಲಿ ಥಾಮಸ್ ವಿಲ್ಸನ್ ಅಮೆರಿಕದಲ್ಲಿ ವಿದ್ಯುತ್ ಕುಲುಮೆಯಿಂದ ಕ್ಯಾಲ್ಸಿಯಂ ಕಾರ್ಬೈಡ್ ತಯಾರಿಸಿದ ಮೇಲೆ ಅಸಿಟಿಲಿನ್ ಅಗ್ಗವಾಯಿತು. ಕಾರ್ಬೈಡಿಗೆ ನೀರು ಹಾಕಿದರೆ ಅನಿಲ ತಯಾರು. (ಮಾವಿನ ಹಣ್ಣು ಮಾಗಿಸಲು ಕದ್ದು ಬಳಸುತ್ತಾರಲ್ಲ, ಅದೇ ಕಾರ್ಬೈಡ್, ನಮ್ಮ ಆಹಾರ ಸುರಕ್ಷತಾ ಕಾನೂನು ಅದನ್ನು ನಿಷೇಧಿಸಿದೆ.) 1895ರಲ್ಲಿ ಫ್ರಾನ್ಸಿನ ಹೆನ್ರಿ ಲೆ ಶಾಟೆಲಿಯೆ, ಆಮ್ಲಜನಕದೊಡನೆ ಉರಿಸಿದರೆ ಇದರ ಜ್ವಾಲೆ 3000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆಂದು ತೋರಿಸಿದ. ಆದರೆ ಬರಿಯ ಅನಿಲವನ್ನು ಒತ್ತಿ ತುಂಬಲು ಹೋದವರ ಸಿಲಿಂಡರುಗಳು ಸಿಡಿದವು. ಅಸಿಟೋನ್ ದ್ರವದಲ್ಲಿ ಅದು ಹೇರಳವಾಗಿ ಕರಗುತ್ತದೆಂದು ಜಾರ್ಜ್ ಕ್ಲಾಡ್ ಮತ್ತು ಆಲ್ಬರ್ಟ್ ಹೆಸ್ ಕಂಡುಕೊಂಡರು. ಸ್ವೀಡನ್ನಿನ ಗುಸ್ತಾಫ್ ದಾಲೆನ್ ಆ ಅಸಿಟೋನನ್ನು ಹೀರಿಕೊಂಡು ಹಿಡಿದಿಡುವ, ಉತ್ತಮವಾದೊಂದು ರಂಧ್ರಮಯ ಘನವಸ್ತುವನ್ನು ರೂಪಿಸಿ ಸಿಲಿಂಡರಿನೊಳಗೆ ತುಂಬಿದ. 1912ರಲ್ಲಿ ಸಿಲಿಂಡರುಗಳ ಪರೀಕ್ಷೆ ನಡೆಸುತ್ತಿದ್ದಾಗ ಸ್ಫೋಟವಾಗಿ ದಾಲೆನ್ ಕಣ್ಣು ಕಳೆದುಕೊಂಡ. ದೀಪಸ್ತಂಭಗಳ ಸ್ವಯಂಚಾಲಿತ ನಿಯಂತ್ರಕಗಳಿಗಾಗಿ ಭೌತಶಾಸ್ತ್ರದ ನೊಬೆಲ್ ಬಂದದ್ದೂ ಅದೇ ವರ್ಷ; ಆತನ ಪರವಾಗಿ ಅಣ್ಣ ತಮ್ಮಂದಿರಲ್ಲೊಬ್ಬರು ಹೋಗಿ ಸ್ವೀಕರಿಸಬೇಕಾಯಿತು.

ಮರೂನ್ ಸಿಲಿಂಡರಿನ ಒಳಗಿರುವುದು ಒಂದು ರೀತಿಯಲ್ಲಿ ಗೋಲಿ ಸೋಡಾ: ದ್ರವದಲ್ಲಿ ಕರಗಿದ ಅನಿಲ. ಮಲಗಿಸಿ ಬಳಸಿದರೆ, ಅಥವಾ ಒಂದೇ ಸಮನೆ ಅತಿವೇಗದಲ್ಲಿ ಅನಿಲ ಎಳೆದರೆ, ಅಸಿಟೋನೂ ಪೈಪಿಗೆ ಉಕ್ಕುತ್ತದೆ. ಗಂಟೆಗೆ ಸಿಲಿಂಡರಿನ ಏಳನೇ ಒಂದು ಭಾಗಕ್ಕಿಂತ ಹೆಚ್ಚು ಎಳೆಯಬಾರದೆಂಬುದು ರೂಢಿಯ ಮಿತಿ. ಲಾರಿಯಲ್ಲಿ ಮಲಗಿಸಿ ತಂದಿದ್ದರೆ ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಡಬೇಕು. ವಾಲ್ವನ್ನು ಒಂದೂವರೆ ಸುತ್ತಿಗಿಂತ ಹೆಚ್ಚು ತೆರೆಯುವುದು ಬೇಡ, ಕೀಲಿ ಅಲ್ಲೇ ಇರಲಿ. ಅವಘಡದಲ್ಲಿ ಹುಡುಕುವುದಕ್ಕೆ ಸಮಯವಿರುವುದಿಲ್ಲ. ಪೈಪು ತುಂಡಾದರೆ ತಾಮ್ರದ ಕೊಳವೆ ಸಿಕ್ಕಿಸಿ ಜೋಡಿಸುವ ಜಾಣತನವೂ ಬೇಡ. ತಾಮ್ರದೊಡನೆ ಅಸಿಟಿಲಿನ್ ಸೇರಿ ತಟ್ಟಿದರೆ ಸಿಡಿಯುವ ಸಂಯುಕ್ತ ಆಗುತ್ತದೆ. ಬೆಂಕಿಗೆ ಸಿಕ್ಕು ಕಾದ ಅಸಿಟಿಲಿನ್ ಸಿಲಿಂಡರು, ಹೊರಗಿನ ಬೆಂಕಿ ಆರಿದ ಮೇಲೂ ಒಳಗೊಳಗೇ ಒಡೆಯುತ್ತಿರಬಹುದು. ಅದನ್ನು ಮುಟ್ಟದೆ, ಜನರನ್ನು ದೂರ ಕಳಿಸಿ ಅಗ್ನಿಶಾಮಕದವರನ್ನು ಕರೆಯಬೇಕು.

ಟಾರ್ಚಿನಲ್ಲಿ ಪಟ್ಟೆಂದು ಸದ್ದಾಗುವುದನ್ನು ಕೆಲಸಗಾರರು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅನಿಲ ಹೊರಗೆ ಹರಿಯುವ ವೇಗ ಜ್ವಾಲೆ ಒಳಗೆ ನುಗ್ಗುವ ವೇಗಕ್ಕಿಂತ ಕಡಿಮೆಯಾದಾಗ ಹೀಗಾಗುತ್ತದೆ: ನೋಝಲ್ ಕಟ್ಟಿದೆ, ಅತಿಯಾಗಿ ಕಾದಿದೆ, ಅಥವಾ ಒತ್ತಡ ಸಾಲದು. ಪಟ್ ಎಂದು ನಿಲ್ಲದೆ ಸಿಳ್ಳೆಯಂಥ ಸದ್ದು ಮುಂದುವರಿದರೆ ಜ್ವಾಲೆ ಟಾರ್ಚಿನೊಳಗೆ ಉರಿಯುತ್ತಿದೆ ಎಂದರ್ಥ. ಕೂಡಲೇ ಆಮ್ಲಜನಕ, ಆಮೇಲೆ ಅಸಿಟಿಲಿನ್ ನಿಲ್ಲಿಸಬೇಕು. ಪೈಪಿನ ಮೂಲಕ ಹಿಂದಕ್ಕೆ ಓಡುವ ಜ್ವಾಲೆಯನ್ನು ತಡೆಯಲು ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಎಂಬ ಮುಷ್ಟಿಯಷ್ಟೂ ಇಲ್ಲದ ಭಾಗವಿದೆ. ಅದರೊಳಗಿನ ಸೂಕ್ಷ್ಮರಂಧ್ರದ ಲೋಹ ಜ್ವಾಲೆಯ ಶಾಖ ಹೀರಿ ಅದನ್ನು ಆರಿಸುತ್ತದೆ. ಎರಡೂ ರೆಗ್ಯುಲೇಟರಿಗೆ ಒಂದೊಂದು ಹಾಕಿಸದ ಮಾಲೀಕರು ಉಳಿಸುವುದು ತೀರ ಕಡಿಮೆ.

ಕಟಿಂಗಿನಲ್ಲಿ ಕಬ್ಬಿಣ ಕರಗಿ ತುಂಡಾಗುತ್ತದೆಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಉರಿಯುತ್ತದೆ. ಸುಮಾರು 900 ಡಿಗ್ರಿಗೆ ಕೆಂಪಗೆ ಕಾದ ಉಕ್ಕಿನ ಮೇಲೆ ಶುದ್ಧ ಆಮ್ಲಜನಕ ಬಿಟ್ಟಾಗ ಉಕ್ಕೇ ಇಂಧನವಾಗಿ, ಹುಟ್ಟಿದ ಆಕ್ಸೈಡ್ ಕರಗಿ ಕಿಡಿಗಳಾಗಿ ಹಾರುತ್ತದೆ. ಆ ಕಿಡಿ ಹತ್ತು ಮೀಟರಿನಾಚೆಗೂ ಹೋಗಬಲ್ಲದು, ಗೋಡೆಯ ಸಂದಿನಲ್ಲಿ ಕಾದು ಕೂರಬಲ್ಲದು. ಕೆಲಸ ಮುಗಿಸಿ ಬಾಗಿಲು ಹಾಕುವ ಮೊದಲು ಅರ್ಧ ಗಂಟೆಯಾದರೂ ಜಾಗ ಕಾಯಬೇಕು. ಕಣ್ಣಿಗೆ ಕಪ್ಪು ಗಾಜಿನ ಕನ್ನಡಕ, ಮೈಗೆ ದಪ್ಪ ಹತ್ತಿ ಬಟ್ಟೆ ಬೇಕು. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಈ ಕಿಡಿ ಡ್ರಮ್ಮಿನೊಳಗೆ ಬೀಳುವುದು ಎಲ್ಲಕ್ಕಿಂತ ಕೆಟ್ಟದ್ದು. ಪೆಟ್ರೋಲ್, ಥಿನ್ನರ್, ಡೀಸೆಲ್ ಇದ್ದ ಡ್ರಮ್ಮು ಖಾಲಿಯಾದ ಮೇಲೆ ಅಪಾಯವೂ ಖಾಲಿಯಾಯಿತೆಂದು ನಂಬಿ ಟಾರ್ಚು ಹಿಡಿಯುತ್ತಾರೆ. ಉರಿಯುವುದು ದ್ರವವಲ್ಲ, ಅದರ ಆವಿ. ತುಂಬಿದ ಡ್ರಮ್ಮಿನಲ್ಲಿ ಆವಿಗೆ ಜಾಗವಿಲ್ಲ. ಖಾಲಿಯಾದದ್ದರಲ್ಲಿ ಆವಿಯೂ ಇದೆ, ಬೆರೆಯಲು ಗಾಳಿಯೂ ಇದೆ. ಒಮ್ಮೆ ನೀರು ಹಾಕಿ ಕುಲುಕಿ ಚೆಲ್ಲಿದರೆ ಸಾಲದು. ತಳದ ಮಡ್ಡಿ, ಮಡಿಕೆಯ ಅಂಚಿನಲ್ಲಿ ಅಂಟಿದ ಎಣ್ಣೆ ಟಾರ್ಚಿನ ಶಾಖಕ್ಕೆ ಮತ್ತೆ ಆವಿಯಾಗುತ್ತವೆ. ಹಾಗಾಗಿ ಮನೆಯಲ್ಲಿ, ತೋಟದಲ್ಲಿ ಬಿದ್ದಿರುವ ಹಳೆಯ ಡ್ರಮ್ಮನ್ನೋ ಟ್ಯಾಂಕನ್ನೋ ತೊಟ್ಟಿ ಮಾಡಿಸಲು ಕೊಂಡೊಯ್ಯುವಾಗ ಹಿಂದೆ ಅದರಲ್ಲಿ ಏನಿತ್ತೆಂದು ಗ್ಯಾಸ್ ಕಟಿಂಗಿನವನಿಗೆ ತಪ್ಪದೆ ಹೇಳಿ. ನಿಮಗೇ ಗೊತ್ತಿಲ್ಲದಿದ್ದರೆ ಅದನ್ನು ಕತ್ತರಿಸಲು ಕೊಡಬೇಡಿ.