ತೆಂಗಿನ ಚಿಪ್ಪಿನೊಳಗೆ ಹೈಡ್ರೋಜನ್

ಪೀಣ್ಯ ಕಡೆ ಹೋದಾಗ ಲಾರಿ ತುಂಬ ಉದ್ದುದ್ದ ಗ್ಯಾಸ್ ಸಿಲಿಂಡರ್ ನಿಂತಿರೋದನ್ನ ನೀವೆಲ್ಲ ನೋಡಿರ್ತೀರಿ. 47 ಲೀಟರಿನ ಅಂಥ ಒಂದು ಸಿಲಿಂಡರಿಗೆ 150 ಬಾರ್ ಒತ್ತಡದಲ್ಲಿ ಹೈಡ್ರೋಜನ್ ತುಂಬಿದರೆ ಒಳಗೆ ಹೋಗೋದು ಸುಮಾರು ಅರ್ಧ ಕೆಜಿ. ಸಿಲಿಂಡರಿನ ತೂಕವೇ 50 ಕೆಜಿಗೆ ಜಾಸ್ತಿ. ಅಂದ್ರೆ ಲಾರಿ ಹೊರ್ತಿರೋದು ಬಹುಪಾಲು ಬರೀ ಸ್ಟೀಲು!

ಹೈಡ್ರೋಜನ್ ತಯಾರಿಸೋ ಕೆಲಸ ನಮ್ಮೂರಲ್ಲೇ ಚೆನ್ನಾಗಿ ನಡೀತಿದೆ. ಐಐಎಸ್‌ಸಿಯ ಪ್ರೊ. ಎಸ್. ದಾಸಪ್ಪ ಅವರ ತಂಡ 1 ಕೆಜಿ ಬಯೋಮಾಸ್‌ನಿಂದ 100 ಗ್ರಾಂ ಹೈಡ್ರೋಜನ್ ತೆಗೆಯೋ ವಿಧಾನವನ್ನು 2022ರಲ್ಲಿ ಪ್ರಕಟಿಸಿತು. ಬಯೋಮಾಸ್‌ನಲ್ಲಿ ಇರೋದೇ 60 ಗ್ರಾಂ, ಉಳಿದದ್ದು ಹಬೆಯಿಂದ ಬರುತ್ತೆ. ಸರಿ, ತೆಗೆದದ್ದನ್ನ ಇಡೋದೆಲ್ಲಿ?

ಒಂದು ಉತ್ತರ, ರಂಧ್ರಗಳಿರೋ ಇಂಗಾಲ. ತಿಪಟೂರಿನ ಕೊಬ್ಬರಿ ಸುಲಿದಮೇಲೆ ಉಳಿಯೋ ಚಿಪ್ಪನ್ನ ಗಾಳಿಯಿಲ್ಲದೆ ಸುಟ್ಟು ಇದ್ದಿಲು ಮಾಡಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ, ನೈಟ್ರೋಜನ್ ಹರಿಸ್ತಾ 700-800 ಡಿಗ್ರಿಗೆ ಕಾಯಿಸಬೇಕು. ಪೊಟ್ಯಾಸಿಯಂ ಇಂಗಾಲವನ್ನ ಕೊರೆಯುತ್ತೆ. ಆಮೇಲೆ ಆಸಿಡ್, ನೀರಲ್ಲಿ ತೊಳೆದರೆ ಉಪ್ಪು ಹೋಗಿ ತೂತು ಉಳಿಯುತ್ತೆ. ಹೀಗೆ ಒಂದೇ ಗ್ರಾಮಿನಲ್ಲಿ 3000 ಚದರ ಮೀಟರ್ ಮೇಲ್ಮೈ ಬರಿಸಬಹುದು. ನಮ್ಮ ಬಾಸ್ಕೆಟ್‌ಬಾಲ್ ಕೋರ್ಟ್ ಇದೆಯಲ್ಲ, ಅಂಥವು ಏಳು!

ತೂತು ದೊಡ್ಡದಾದಷ್ಟೂ ಒಳ್ಳೇದು ಅಂತ ನಾವು ಅಂದ್ಕೊಂಡಿದ್ವಿ. ತಪ್ಪು. ಬಿಎಂಟಿಸಿ ಬಸ್ಸಲ್ಲಿ ಕಂಬಿ ಕೈಗೆ ಸಿಕ್ಕೋರು ಗಟ್ಟಿ ನಿಲ್ತಾರೆ, ನಡುವೆ ಇರೋರು ತೂರಾಡ್ತಾರೆ. ಹೈಡ್ರೋಜನ್ ಅಣುವಿಗೂ ಅಷ್ಟೇ. ಎರಡೂ ಕಡೆ ಗೋಡೆ ಹತ್ತಿರ ಇರಬೇಕು, ಅಂದ್ರೆ ಸುಮಾರು 0.6-0.7 ನ್ಯಾನೋಮೀಟರ್ ಅಗಲ. ಇಲ್ಲಿ ರಾಸಾಯನಿಕ ಬಂಧ ಏನೂ ಇಲ್ಲ, ಬರೀ ವಾನ್ ಡರ್ ವಾಲ್ಸ್ ಸೆಳೆತ.

ಇದನ್ನೇ ಮಿನಿ ಪ್ರಾಜೆಕ್ಟ್ ಮಾಡೋಣ ಅಂತ ನಾವು ಮೂವರು ಹೊರಟ್ವಿ. ನೈಟ್ರೋಜನ್ ಇಲ್ಲದೆ ಬರೀ ಮುಚ್ಚಳ ಹಾಕಿದ ಮೂಸೆಯನ್ನ ಫರ್ನೇಸ್‌ಗೆ ಇಟ್ವಿ. ತೆಗೆದು ನೋಡಿದ್ರೆ ಮುಕ್ಕಾಲು ಪಾಲು ಬೂದಿ. ಅದು ನಮ್ಮ ಪೆದ್ದುತನ, ಬಿಡಿ. ಅದಕ್ಕಿಂತ ದೊಡ್ಡ ಪೆಟ್ಟು ಪೇಪರ್‌ಗಳನ್ನ ಎರಡನೇ ಸಲ ಓದಿದಾಗ ಬಿತ್ತು. ಪ್ರತಿ 500 ಚದರ ಮೀಟರಿಗೆ ತೂಕದ 1 ಶೇಕಡಾ ಹೈಡ್ರೋಜನ್ ಅನ್ನೋ ಒಂದು ಲೆಕ್ಕ ಇದೆ, ಚಹೀನ್ ನಿಯಮ. 3000ಕ್ಕೆ 6 ಶೇಕಡಾ! ಸಿನಾಪ್ಸಿಸ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಬಿಟ್ಟಿದ್ವಿ. ಆದ್ರೆ ಆ ಲೆಕ್ಕ 77 ಕೆಲ್ವಿನ್‌ದು, ಅಂದ್ರೆ ಮೈನಸ್ 196 ಡಿಗ್ರಿ, ದ್ರವ ನೈಟ್ರೋಜನ್ನಿನ ಚಳಿ. ನಮ್ಮ ಲ್ಯಾಬಿನ ತಾಪಮಾನದಲ್ಲಿ, 100 ಬಾರ್ ಒತ್ತಡ ಕೊಟ್ಟರೂ, ಸಾಮಾನ್ಯವಾಗಿ 1 ಶೇಕಡಾನೂ ದಾಟಲ್ಲ. ಪೀಣ್ಯದ ಸಿಲಿಂಡರೂ ಹೆಚ್ಚುಕಡಿಮೆ ಅಷ್ಟೇ ತಾನೇ?

ಕಾರಣ ಹಿಡಿತ ಸಾಲದು. ಇಂಗಾಲ ಹೈಡ್ರೋಜನ್ನನ್ನ ಹಿಡಿಯೋದು ಮೋಲ್‌ಗೆ ಸುಮಾರು 5 ಕಿಲೋಜೂಲ್ ಬಲದಲ್ಲಿ. ಕೋಣೆಯ ತಾಪಮಾನದಲ್ಲಿ ಕೆಲಸ ಆಗ್ಬೇಕಂದ್ರೆ ಸುಮಾರು 15 ಬೇಕು ಅಂತ 2006ರಲ್ಲಿ ಭಾಟಿಯಾ ಮತ್ತು ಮೈಯರ್ಸ್ ಲೆಕ್ಕ ಹಾಕಿದ್ರು. ಅದಕ್ಕೇ ಈಗ ಎಷ್ಟೋ ಕಡೆ ಇಂಗಾಲಕ್ಕೆ ಬೋರಾನ್, ಲೋಹದ ಕಣ ಸೇರಿಸಿ ನೋಡ್ತಿದ್ದಾರೆ.

ಸಿನಾಪ್ಸಿಸ್‌ನಲ್ಲಿ 6ರ ಪಕ್ಕ 77 ಕೆಲ್ವಿನ್ ಅಂತ ಬರೆದು ವಾಪಸ್ ಕೊಟ್ಟಿದ್ದೀವಿ. ಮುಂದಿನ ವಾರ ಎರಡನೇ ಬ್ಯಾಚ್. ಈ ಸಲ ನೈಟ್ರೋಜನ್ ಜೊತೆಗೆ.