ಅಶೋಕನು ಕಟ್ಟಿಸಿದ ಸ್ತೂಪಗಳೆಲ್ಲಿ?

ಮೌರ್ಯ ಚಕ್ರವರ್ತಿ ಅಶೋಕನು 84,000 ಸ್ತೂಪಗಳನ್ನು ಕಟ್ಟಿಸಿದನೆಂದು ಬೌದ್ಧ ಗ್ರಂಥಗಳು ಬಣ್ಣಿಸುತ್ತವೆ. ಬುದ್ಧನ ಪರಿನಿರ್ವಾಣದ ತರುವಾಯ ಅವನ ಅಸ್ಥಿಧಾತುಗಳನ್ನು ಎಂಟು ಪಾಲು ಮಾಡಿ ಎಂಟು ಕಡೆ ಸ್ತೂಪಗಳಲ್ಲಿ ನಿಕ್ಷೇಪಿಸಲಾಗಿತ್ತಂತೆ. ಅಶೋಕನು ಅವುಗಳಲ್ಲಿ ಏಳನ್ನು ತೆರೆಸಿ ಧಾತುಗಳನ್ನು ರಾಜ್ಯದಾದ್ಯಂತ ಹಂಚಿದನೆಂದೂ, ರಾಮಗ್ರಾಮದ ಸ್ತೂಪವನ್ನು ಮಾತ್ರ ನಾಗರು ಮುಟ್ಟಗೊಡಲಿಲ್ಲವೆಂದೂ ಕಥೆ. ಅಷ್ಟು ಸ್ತೂಪಗಳಲ್ಲಿ ಈಗ ಉಳಿದಿರುವುವು ಎಷ್ಟು?

ಕಥೆಯನ್ನು ಬದಿಗಿಟ್ಟು ಅರಸನ ಶಾಸನಗಳನ್ನೇ ನಾವು ಕೇಳಿದರೆ, ಅವನು ಬಹು ಮಿತಭಾಷಿ. ನೇಪಾಳದ ತರಾಯಿಯಲ್ಲಿ ನಿಗಾಲಿಸಾಗರವೆಂಬ ಕೊಳದ ದಂಡೆಯ ಮೇಲೆ ಅವನ ಒಂದು ಕಂಬವಿದೆ. ಪಟ್ಟಾಭಿಷಿಕ್ತನಾದ 14ನೆಯ ವರ್ಷದಲ್ಲಿ ಕೋನಾಗಮನ ಬುದ್ಧನ ಸ್ತೂಪವನ್ನು ಇಮ್ಮಡಿಯಾಗಿ ಹಿಗ್ಗಿಸಿದ ಸಂಗತಿ ಅದರಲ್ಲಿದೆ. ಗಮನಿಸಬೇಕಾದ ಮಾತಿದು: ಅವನು ಹಿಗ್ಗಿಸಿದ್ದು ಮೊದಲೇ ಇದ್ದ ಸ್ತೂಪವನ್ನು. 20ನೆಯ ವರ್ಷದಲ್ಲಿ ಲುಂಬಿನಿಗೆ ತಾನೇ ಹೋಗಿ ಪೂಜೆ ಸಲ್ಲಿಸಿ, ಬುದ್ಧನು ಹುಟ್ಟಿದ ಊರೆಂದು ಅದರ ಕಂದಾಯವನ್ನು ಇಳಿಸಿದನು.

ಮಧ್ಯಪ್ರದೇಶದ ಸಾಂಚಿಯ ಮಹಾಸ್ತೂಪಕ್ಕೆ ಹೋದವರು ಅಶೋಕನ ಕಟ್ಟಡವನ್ನು ಕಂಡೆವೆಂದುಕೊಂಡು ಮರಳುತ್ತಾರೆ. ಕಂಡದ್ದು ಅವನದಲ್ಲ. ಸುಮಾರು 36 ಮೀಟರು ವ್ಯಾಸದ ಆ ಕಲ್ಲಿನ ಗುಮ್ಮಟವು ಅವನ ಅನಂತರದವರ ಕೆಲಸ. ನಾಲ್ಕು ತೋರಣಗಳು ಸಾತವಾಹನರ ಕಾಲದವು. ಅಶೋಕನ ಇಟ್ಟಿಗೆಯ ಚಿಕ್ಕ ಸ್ತೂಪವು ಇವೆಲ್ಲದರ ಗರ್ಭದಲ್ಲಿ ಅಡಗಿದೆ. ತೆಂಕಣ ತೋರಣದ ಬಳಿ ಅವನು ನಿಲ್ಲಿಸಿದ್ದ ಕಂಬವನ್ನಂತೂ ಸ್ಥಳೀಯ ಜಮೀನ್ದಾರನೊಬ್ಬನು ಕಬ್ಬಿನ ಗಾಣಕ್ಕೆಂದು ಒಡೆಸಿದನಂತೆ! ಸಂಘವನ್ನು ಒಡೆಯುವ ಭಿಕ್ಷುವಿಗೆ ಬಿಳಿಯ ಬಟ್ಟೆ ಉಡಿಸಿ ಹೊರಹಾಕಬೇಕೆಂಬ ಆಜ್ಞೆ ಆ ಕಂಬದ ಮೇಲಿತ್ತು. ಅದರ ಬುಡ ಮಾತ್ರ ಇನ್ನೂ ಅಲ್ಲಿ ನಿಂತಿದೆ.

ಇಷ್ಟು ದೂರ ಹೋಗದೆಯೂ ಅಶೋಕನನ್ನು ಕಾಣಬಹುದು. ಸೊಲ್ಲಾಪುರ ಸೀಮೆಯನ್ನು ಹಾಯ್ದು ಕೆಳಗಿಳಿಯುವ ನಮ್ಮ ಭೀಮೆ, ಕಲಬುರಗಿ ಜಿಲ್ಲೆಯ ಸನ್ನತಿಯನ್ನು ಮುಟ್ಟುತ್ತಾಳೆ. ನಮ್ಮ ಕಡೆಯ ಅನೇಕ ಮನೆತನಗಳಿಗೆ ಅದು ಚಂದ್ರಲಾಂಬೆಯ ಕ್ಷೇತ್ರ. 1986ರಲ್ಲಿ ಆ ದೇವಾಲಯದ ಆವರಣದ ಕಾಳಿಕಾ ಗುಡಿಯ ಛಾವಣಿ ಕುಸಿಯಿತು. ಅವಶೇಷಗಳನ್ನು ತೆಗೆದಾಗ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡವು. ಅದು ಅಶೋಕನ ಶಾಸನ! ಮೂರ್ತಿಯನ್ನು ಕೂಡಿಸಲು ನಡುವೆ ತೂತು ಕೊರೆದುದರಿಂದ ಕೆಲವು ಅಕ್ಷರಗಳು ನಷ್ಟವಾಗಿದ್ದುವು. ಪ್ರಜೆಗಳೆಲ್ಲ ತನ್ನ ಮಕ್ಕಳೆಂದು ಅರಸನು ಹೇಳುವ, ಅಲ್ಲಿಯವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಶಾಸನಗಳು ಇಲ್ಲಿಯೂ ದೊರೆತುವು. ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡಿಕೊಳ್ಳುತ್ತಾನೆಂಬ ಹನ್ನೆರಡನೆಯ ಶಾಸನವೂ ಅದೇ ಕಲ್ಲಿನಲ್ಲಿದೆ. ಕಾಳಿಯನ್ನು ಶತಮಾನಗಳ ಕಾಲ ಹೊತ್ತು ಕುಳಿತ ಕಲ್ಲು ಅದು. ಅರಸನು ಇದ್ದಿದ್ದರೆ ಮುನಿಯುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯು 1990ರ ದಶಕದಲ್ಲಿ ಅಗೆಯಿಸಿದಾಗ ಇಡಿಯ ಸ್ತೂಪವೇ ಹೊರಬಂದಿತು. 'ಅಧೋಲೋಕ ಮಹಾಚೈತ್ಯ'ವೆಂದು ಅದರ ಹೆಸರು. ಸುತ್ತಲಿನ ಸುಣ್ಣಕಲ್ಲಿನ ಕೆತ್ತನೆಯ ಫಲಕಗಳು ಬಹುತೇಕ ಸಾತವಾಹನರ ಕಾಲದವು. ಆ ಅರಸರ ಚಿತ್ರಗಳೂ ಹೆಸರುಗಳೂ ಅಲ್ಲಿವೆ. ಅವರ ಜೊತೆಗೆ ಒಂದು ಫಲಕದಲ್ಲಿ ಅರಸನೊಬ್ಬನು ರಾಣಿಯೊಡನೆ ನಿಂತಿದ್ದಾನೆ. ಪರಿಚಾರಿಕೆಯರು ಛತ್ರಚಾಮರಗಳನ್ನು ಹಿಡಿದಿದ್ದಾರೆ. ಮೇಲೆ 'ರಾಯೊ ಅಸೋಕೊ' ಎಂದು ಬರೆದಿದೆ. ಅವನನ್ನು ಕಣ್ಣಾರೆ ಕಂಡವರು ಕೆತ್ತಿದುದಲ್ಲ. ಅವನು ತೀರಿಕೊಂಡು ತಲೆಮಾರುಗಳೇ ಕಳೆದಿದ್ದುವು. ಆದರೂ ಭೀಮಾತೀರದ ಶಿಲ್ಪಿಗೆ ಆ ಹೆಸರು ನೆನಪಿತ್ತು. ರಾಣಿಯ ಹೆಸರನ್ನು ಅವನು ಬರೆಯಲಿಲ್ಲ.