ತೆಪ್ಪಕ್ಕೆ ಕಟಾಂಜನ ಏಕಿಲ್ಲ?

ಸಿರುಗುಪ್ಪದಿಂದ ಸಿಂಧನೂರಿಗೆ ಹೊರಟ ಬಸ್ಸು ದಢೇಸೂಗೂರು ಸೇತುವೆ ಮೇಲೆ ತುಂಗಭದ್ರೆಯನ್ನು ನೋಡನೋಡುತ್ತಲೇ ದಾಟಿಬಿಡುತ್ತದೆ. ಸೇತುವೆ ದೂರವಿರುವ ಊರುಗಳಲ್ಲಿ ಹೊಳೆ ದಾಟಿಸುವ ಕೆಲಸ ಇನ್ನೂ ತೆಪ್ಪದ್ದೇ. ಬಿದಿರಿನ ಸೀಳು ಹೆಣೆದ ದುಂಡನೆಯ ಬುಟ್ಟಿ, ಹೊರಮೈಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರಿನ ಲೇಪ. ಹಿಂದೆ ತೊಗಲು ಹೊದಿಸುತ್ತಿದ್ದರು, ಈಗೀಗ ಫೈಬರ್ ತೆಪ್ಪಗಳೂ ಬಂದಿವೆ. ಹೊದಿಕೆ ಎಷ್ಟು ಬದಲಾದರೂ ಅಂಚು ಮಾತ್ರ ಬದಲಾಗಿಲ್ಲ. ಮೊಣಕಾಲೆತ್ತರದ ಬಾಯಿ, ಅದರಾಚೆ ನೀರು.

ಬಳ್ಳಾರಿ, ಕುರುಗೋಡಿನ ಕಡೆಯವರಿಗೆ ದಿನನಿತ್ಯದ ನೀರೆಂದರೆ ಕಾಲುವೆ, ಕೆರೆ, ಬಾವಿ. ಅಂಥವರು ರಜೆಯಲ್ಲಿ ಮಕ್ಕಳೊಂದಿಗೆ ಕೆಂಚನಗುಡ್ಡಕ್ಕೋ ಆನೆಗೊಂದಿಗೋ ಹೋಗಿ ತೆಪ್ಪದ ಎದುರು ನಿಂತಾಗ ಕೇಳುವ ಮೊದಲ ಪ್ರಶ್ನೆ, ‘ಹಿಡ್ಕೊಳ್ಳಾಕ ಏನೂ ಇಲ್ಲೇನ್ರಿ?’ ಸುತ್ತ ಒಂದು ಹಗ್ಗ, ನಾಲ್ಕು ಕಂಬಿ ಹಾಕಿದರೆ ಏನು ಗಂಟು ಹೋಗುತ್ತದೆ ಎಂಬುದು ಅವರ ವಾದ. ನ್ಯಾಯವಾಗಿಯೇ ಕಾಣುತ್ತದೆ. ವಿಚಿತ್ರವೆಂದರೆ, ಸಣ್ಣ ಹಾಯಿದೋಣಿ ಇಟ್ಟುಕೊಂಡವರು ಇದೇ ಪ್ರಶ್ನೆಯನ್ನು ತಿರುಗುಮುರುಗಾಗಿ ಕೇಳುತ್ತಾರೆ: ದೋಣಿಯ ಜೊತೆ ಬಂದ ಕಟಾಂಜನವನ್ನು ಇಟ್ಟುಕೊಳ್ಳಬೇಕೋ, ಕಿತ್ತು ಹಾಕಬೇಕೋ?

ಹಾಯಿದೋಣಿಯ ಅಂಚಿನುದ್ದಕ್ಕೂ ಸಣ್ಣ ಕಂಬಿಗಳನ್ನು ನಿಲ್ಲಿಸಿ ಬಿಗಿದ ತಂತಿಗೆ ಲೈಫ್‌ಲೈನ್ ಎನ್ನುತ್ತಾರೆ. ಕಡಲಿನ ಸ್ಪರ್ಧೆಗಳಿಗೆ ‘ವರ್ಲ್ಡ್ ಸೇಲಿಂಗ್’ ಸಂಸ್ಥೆ ಮಾಡಿರುವ ನಿಯಮದಂತೆ ಮೇಲಿನ ತಂತಿ ಅಟ್ಟದಿಂದ, ಅಂದರೆ ಡೆಕ್ಕಿನಿಂದ, ಕನಿಷ್ಠ 600 ಮಿಲಿಮೀಟರ್ ಎತ್ತರದಲ್ಲಿರಬೇಕು, ಕಂಬಿಗಳ ನಡುವಿನ ಅಂತರ 2.2 ಮೀಟರ್ ಮೀರಬಾರದು. ಎಂಟೂವರೆ ಮೀಟರಿಗಿಂತ ಚಿಕ್ಕ ದೋಣಿಗೆ ರಿಯಾಯಿತಿ ಇದೆ, 450 ಮಿಲಿಮೀಟರ್ ಸಾಕು. ಜಗಳ ಹುಟ್ಟುವುದು ಈ ರಿಯಾಯಿತಿಯಲ್ಲೇ. 450 ಮಿಲಿಮೀಟರ್ ಎಂದರೆ ಒಂದೂವರೆ ಅಡಿ, ದೊಡ್ಡವರ ಮೊಣಕಾಲಿನ ಮಟ್ಟ. ಅಲೆಗೆ ಸಿಕ್ಕಿ ದೋಣಿ ವಾಲಿ, ನಿಂತವನು ಅಂಚಿನತ್ತ ಜಾರಿದಾಗ ಮೊಣಕಾಲಿಗೆ ಸಿಕ್ಕುವ ತಂತಿ ಅವನನ್ನು ತಡೆಯುವುದಿಲ್ಲ, ಎಡವಿಸಿ ತಲೆಕೆಳಗಾಗಿ ನೀರಿಗೆ ಹಾಕುತ್ತದೆ. ತಂತಿಗೆ ಬಿಳಿ ಪ್ಲಾಸ್ಟಿಕ್ ಹೊದಿಸಿದ್ದರೆ ಒಳಗಿನ ತುಕ್ಕು ಕಾಣುವುದೂ ಇಲ್ಲ. ವರ್ಷಗಟ್ಟಲೆ ನೆಟ್ಟಗೆ ನಿಂತಂತೆ ತೋರುವ ತಂತಿ, ಯಾರೋ ಮೈಭಾರ ಬಿಟ್ಟ ದಿನ ಪಟ್ಟನೆ ಹರಿಯುತ್ತದೆ. ನೀರಿಗೆ ಬಿದ್ದವನನ್ನು ಮೇಲೆಳೆದುಕೊಳ್ಳುವಾಗಲೂ ಅದು ಅಡ್ಡ.

ಇನ್ನೂ ಚಿಕ್ಕ ಸ್ಪರ್ಧಾ ದೋಣಿಗಳಿಗಂತೂ ಕಟಾಂಜನವೇ ಇಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನ್ಯದವರು, ಮೈಸೂರಿನ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕ್ಲಬ್ಬಿನವರು ಓಡಿಸುವಂಥ ದೋಣಿಗಳಲ್ಲಿ ಕಾಲನ್ನು ಪಟ್ಟಿಗೆ ಸಿಕ್ಕಿಸಿ, ಮೈಯನ್ನು ಅಂಚಿನಾಚೆ ಚಾಚಿಯೇ ತೂಕ ಸರಿದೂಗಿಸಬೇಕು. ಕೊಡವ ಮನೆತನದ ಕೇಳಪಂಡ ಗಣಪತಿ ಚೆಂಗಪ್ಪ, ವರುಣ್ ಠಕ್ಕರ್ ಜೊತೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿಸಿದ ‘49ಇಆರ್’ ದೋಣಿಯಲ್ಲಿ ಇಬ್ಬರೂ ಸೊಂಟದ ಪಟ್ಟಿಗೆ ತಂತಿ ಸಿಕ್ಕಿಸಿಕೊಂಡು ನೀರಿನ ಮೇಲೆಯೇ ತೂಗುತ್ತಿರುತ್ತಾರೆ. ದೋಣಿ ಮಗುಚುವುದು ಅವರಿಗೆ ಆಟದ ಒಂದು ಭಾಗ. ಆದರೆ ಲೈಫ್ ಜಾಕೆಟ್ ಬಿಚ್ಚುವ ಪ್ರಶ್ನೆಯೇ ಇಲ್ಲ.

ಹಾಗಾದರೆ ಕಿತ್ತು ಹಾಕೋಣವೇ? ಅವಸರ ಬೇಡ. ಫ್ರಾನ್ಸಿನ ಎರಿಕ್ ತಬಾರ್ಲಿ ಇಪ್ಪತ್ತನೆಯ ಶತಮಾನದ ಅತಿದೊಡ್ಡ ಹಾಯಿಗಾರರಲ್ಲೊಬ್ಬ. ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ದಾಟುವ ಸ್ಪರ್ಧೆಯನ್ನು 1964ರಲ್ಲೂ 1976ರಲ್ಲೂ ಗೆದ್ದವನು. ಅವನ ಪ್ರೀತಿಯ ‘ಪೆನ್ ಡುಯಿಕ್’ 1898ರ ದೋಣಿ. ಅದರ ನೂರನೆಯ ವರ್ಷದಲ್ಲಿ, 1998ರ ಜೂನ್‌ 13ಕ್ಕೆ ಮುಂಚಿನ ರಾತ್ರಿ, ವೇಲ್ಸ್ ಕರಾವಳಿಯಾಚೆ ಹಾಯಿ ಬದಲಿಸುತ್ತಿದ್ದಾಗ ಹಾಯಿಯ ಮರ ಬಡಿದು ನೀರಿಗೆ ಬಿದ್ದ. ದೋಣಿಗೆ ಲೈಫ್‌ಲೈನ್ ಇರಲಿಲ್ಲ, ಅವನ ಮೈಮೇಲೆ ಬೆಲ್ಟೂ ಇರಲಿಲ್ಲ, ಜಾಕೆಟ್ಟೂ ಇರಲಿಲ್ಲ. ಜೊತೆಗಿದ್ದವರಿಗೆ ಕತ್ತಲಲ್ಲಿ ಅವನು ಸಿಗಲಿಲ್ಲ. ದೇಹ ಒಂದು ತಿಂಗಳ ಮೇಲೆ ಮೀನುಗಾರರ ಬಲೆಗೆ ಸಿಕ್ಕಿತು. ಲೈಫ್‌ಲೈನ್ ಇದ್ದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ. ಎದೆಗೆ ಬಡಿದ ಮರದ ಹೊಡೆತವನ್ನು ಮೊಣಕಾಲ ಮಟ್ಟದ ತಂತಿ ತಡೆದೀತೆಂದು ನನಗೆ ಅನ್ನಿಸುವುದಿಲ್ಲ. ಸೊಂಟಕ್ಕೊಂದು ಬೆಲ್ಟು, ಅದರಿಂದ ದೋಣಿಗೊಂದು ಹಗ್ಗ ಇದ್ದಿದ್ದರೆ ಮಾತು ಬೇರೆಯಿತ್ತು. ಐದು ನಾಟ್ ವೇಗದ ಹಾಯಿದೋಣಿ ಒಂದು ಸೆಕೆಂಡಿಗೆ ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ಅರ್ಧ ನಿಮಿಷ ಕಳೆಯುವುದರೊಳಗೆ ಬಿದ್ದವನ ತಲೆ ಅಲೆಗಳ ನಡುವೆ ಎಪ್ಪತ್ತೈದು ಮೀಟರ್ ಹಿಂದೆ.

ನನ್ನ ಲೆಕ್ಕ ಇಷ್ಟು: ಅಟ್ಟದ ಮೇಲೆ ಎದ್ದು ಓಡಾಡಿ ಹಾಯಿ ಕಟ್ಟಬೇಕಾದ, ಮಕ್ಕಳು ಅತ್ತಿತ್ತ ನಡೆಯುವ ದೋಣಿಯಾದರೆ ಲೈಫ್‌ಲೈನ್ ಇರಲಿ, ಎತ್ತರವಾಗಿಯೇ ಇರಲಿ, ಹೊದಿಕೆಯಿಲ್ಲದ ತಂತಿಯೇ ಇರಲಿ. ಕುಳಿತೇ ನಡೆಸುವ ದೋಣಿಗೆ ಅದು ಬೇಡ.

ತೆಪ್ಪ ಕುಳಿತು ಹೋಗುವ ದೋಣಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಹೊಳೆಯಲ್ಲಿ ಕಂಡದ್ದೂ ಇದನ್ನೇ. ಬುಟ್ಟಿಯಂತೆ ದುಂಡಗಿವೆ, ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎಂದು ಬರೆದಿಟ್ಟಿದ್ದಾನೆ. ಐನೂರು ವರ್ಷ ಈ ಆಕಾರ ಉಳಿದದ್ದು ಸುಮ್ಮನೆ ಅಲ್ಲ. ಅಗಲವಾದ ತಳ, ತಳದಲ್ಲಿ ಕುಳಿತ ಮೈಭಾರ. ಇವೆರಡೂ ಇದ್ದಷ್ಟು ಹೊತ್ತು ತೆಪ್ಪ ಮಗುಚುವುದು ಕಷ್ಟ. ಅಂಚಿಗೆ ಕಂಬಿ ಹಾಕಿ ನೋಡಿ, ಮೊದಲು ಆಗುವುದು ಜನ ಎದ್ದು ನಿಲ್ಲುವುದು. ಹಿಡಿಕೆ ಇದ್ದಲ್ಲಿ ಒರಗುತ್ತಾರೆ, ಒರಗಿದಲ್ಲಿ ಸೆಲ್ಫಿ ತೆಗೆಯುತ್ತಾರೆ. ನಾಲ್ಕು ಜನ ಒಂದೇ ಕಡೆ ಒರಗಿದರೆ ಆ ಕಡೆಯ ಅಂಚು ನೀರಿಗೆ ತಾಗುತ್ತದೆ, ತಾಗಿದ ಮೇಲೆ ಅಂಬಿಗನ ಹುಟ್ಟಿನ ಕೈಚಳಕವೂ ನಡೆಯದು. ಮಗುಚಿದ ತೆಪ್ಪದಡಿ ಸೀರೆಯ ಸೆರಗು ಕಂಬಿಗೆ ಸಿಕ್ಕಿದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಳೆಯ ಗುಣವೂ ಲೆಕ್ಕಕ್ಕೆ ಬರಬೇಕು. ಸಿರುಗುಪ್ಪದ ದಂಡೆಗೆ ಬರುವ ನೀರು ಹೊಸಪೇಟೆಯ ಅಣೆಕಟ್ಟಿನ 33 ಗೇಟುಗಳ ಮಾತು ಕೇಳುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ಕೆಳಗಿನ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು. ಅಂಥ ಅವಘಡವೇ ಆಗಬೇಕೆಂದಿಲ್ಲ, ಮಳೆಗಾಲದಲ್ಲಿ ಗೇಟು ಎತ್ತಿದ ಮಾಮೂಲಿ ದಿನವೂ ಬೆಳಿಗ್ಗೆಯ ಹೊಳೆ ಸಂಜೆಗೆ ಬೇರೆಯಾಗಿರುತ್ತದೆ. ಆಗ ತೆಪ್ಪ ಇಳಿಸದಿರುವುದೊಂದೇ ಕಟಾಂಜನ.

ದುರಂತಗಳನ್ನು ನೋಡಿದರೂ ಅಂಚಿನ ಕೊರತೆಗಿಂತ ಮೈಮೇಲಿನ ಕೊರತೆಯೇ ಎದ್ದು ಕಾಣುತ್ತದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕಲಾ ಬಳಿ ಕೃಷ್ಣೆಯಲ್ಲಿ ತೆಪ್ಪ ಮಗುಚಿ ನಾಲ್ವರು ನೀರುಪಾಲಾದರು. ಅಮೆರಿಕದ ಕರಾವಳಿ ಕಾವಲು ಪಡೆಯ ವಾರ್ಷಿಕ ವರದಿಗಳು ಹೇಳುವುದೂ ಅದನ್ನೇ: ದೋಣಿ ಅಪಘಾತದಲ್ಲಿ ಮುಳುಗಿ ಸತ್ತವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಜಾಕೆಟ್ ತೊಟ್ಟಿರಲಿಲ್ಲ.

ನಮ್ಮ ಹಳ್ಳಿಗಳಿಗೆ ಇದು ಹೊಸ ವಿದ್ಯೆಯಲ್ಲ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಗೆ ಧುಮುಕಿ ಈಜು ಕಲಿತವರು ಪ್ರತಿ ಊರಲ್ಲೂ ಇದ್ದಾರೆ. ಈಗ ಬೆಂಡಿನ ಜಾಗಕ್ಕೆ ಖಾಲಿ ಎಣ್ಣೆ ಕ್ಯಾನು ಬಂದಿದೆ. ತೇಲಿಸುವ ವಸ್ತು ಮೈಗೇ ಅಂಟಿಕೊಂಡಿರಬೇಕು ಎಂಬುದು ಅವರಿಗೆ ಗೊತ್ತು. ಆದರೆ ತೆಪ್ಪ ಹತ್ತುವಾಗ ಮಾತ್ರ ಬಿಸಿಲು, ಬೆವರು, ‘ಇಷ್ಟು ದೂರಕ್ಕೇನು’ ಎಂಬ ಉದಾಸೀನ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ, ಇನ್ನೊಬ್ಬರು ತೊಟ್ಟು ಬಿಟ್ಟ ಒದ್ದೆ ಜಾಕೆಟ್ ಹಾಕಿಕೊಳ್ಳುವುದು ಹಿತವಲ್ಲ, ಒಪ್ಪುತ್ತೇನೆ. ಹೆಗಲಿಗೆ ನೇತುಹಾಕಿ ಪಟ್ಟಿ ಬಿಗಿಯದೆ ಬಿಟ್ಟ ಜಾಕೆಟ್ಟಂತೂ ನೀರಿಗೆ ಬಿದ್ದೊಡನೆ ತಲೆಯ ಮೇಲಿನಿಂದ ಕಳಚಿಹೋಗುತ್ತದೆ. ದೊಡ್ಡವರ ಅಳತೆಯದನ್ನು ಮಗುವಿಗೆ ತೊಡಿಸುವುದೂ ಅಷ್ಟೇ.

1917ರ ಹಳೆಯ ಕಾನೂನಿನ ಜಾಗಕ್ಕೆ 2021ರಲ್ಲಿ ಹೊಸ ಒಳನಾಡು ಹಡಗು ಕಾಯ್ದೆ ಬಂದಿದೆ. ಆದರೆ ಪ್ರತಿ ಹೊಳೆಯ ದಂಡೆಗೂ ಇನ್‌ಸ್ಪೆಕ್ಟರ್ ಬರುವುದನ್ನು ಕಾಯುತ್ತ ಕೂರಲಾಗದು. ಪಂಚಾಯಿತಿಗಳು ತೆಪ್ಪದ ಪ್ರತಿ ಕಡವಿನಲ್ಲೂ ಮಕ್ಕಳ ಅಳತೆಯವೂ ಸೇರಿ ಸಾಕಷ್ಟು ಜಾಕೆಟ್ಟು ಮತ್ತು ದಡದಿಂದ ಎಸೆಯಲು ತುದಿಗೆ ಖಾಲಿ ಕ್ಯಾನು ಕಟ್ಟಿದ ಒಂದು ಉದ್ದನೆಯ ಹಗ್ಗ ಇಡಿಸಲಿ. ಓದುಗರೇ, ನೀವು ಬಳ್ಳಾರಿಯಿಂದಲೋ ಕುರುಗೋಡಿನಿಂದಲೋ ಮನೆಮಂದಿಯನ್ನು ಕರೆದುಕೊಂಡು ಹೊಳೆಗೆ ಹೋದರೆ, ಬಾಡಿಗೆ ಮಾತಾಡುವ ಮೊದಲು ಜಾಕೆಟ್ ಕೇಳಿ. ಇಲ್ಲವೆಂದರೆ ದಡದಲ್ಲೇ ಬುತ್ತಿ ಬಿಚ್ಚಿ ಉಂಡು ಬನ್ನಿ.